ನಾನು ಕತ್ತರಿಸಿದ ಒಂದೂಕಾಲು ಮೊಳ

ಓಕ್ಲ್ಯಾಂಡಿನ ಬಂದರಿನ ಹತ್ತಿರ, ಕಿಟಕಿಯಿಂದ ಕಂಟೇನರುಗಳ ಸಾಲು ಕಾಣುವ ಒಂದು ಇಟ್ಟಿಗೆ ಕಟ್ಟಡದಲ್ಲಿ, ಹಳೆಯ ಮೂಕಿ ಚಿತ್ರಗಳನ್ನು ಕೂಡಿಡುವ ಸಣ್ಣ ಸಂಗ್ರಹವೊಂದಿತ್ತು. ಅಲ್ಲಿ ನಾನು ಎರಡು ವರ್ಷ ವಾಲಂಟಿಯರ್ ಆಗಿದ್ದೆ. ಬೇ ಏರಿಯಾಕ್ಕೆಲ್ಲ ಇಂಟರ್ನೆಟ್ಟಿನ ಜ್ವರ ಬಂದಿದ್ದ ಕಾಲ. ನಮ್ಮ ತಲೆಯ ಮೇಲಿನ ಮಹಡಿಯಲ್ಲಿ ಮದುವೆಯ ಕರೆಯೋಲೆಗಳನ್ನು ಕಂಪ್ಯೂಟರಿನಲ್ಲೇ ಕಳಿಸಿಕೊಡುವ ಕಂಪನಿಯೊಂದು ಬಾಡಿಗೆಗೆ ಬಂದಿತ್ತು. ಅಲ್ಲಿಯವರು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಳ್ಳುಗಾಲಿಯ ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ಮರದ ನೆಲದ ಮೇಲೆ ಆ ಗಾಲಿಗಳ ಗಡಗಡ ಸದ್ದು ದಿನವಿಡೀ ಕೇಳುತ್ತಿತ್ತು. ಕೆಳಗೆ ನಾವು ಬಿಳಿ ಹತ್ತಿಯ ಗ್ಲೌಸು ತೊಟ್ಟು, ಉಸಿರು ಬಿಗಿಹಿಡಿದು, ಎಂಬತ್ತು ವರ್ಷ ಹಿಂದಿನ ಚಿತ್ರಗಳ ಹರಿದ ಅಂಚುಗಳಿಗೆ ತೇಪೆ ಹಾಕುತ್ತಿದ್ದೆವು.

ನನಗಾಗ ಐವತ್ತಾರು. ಗಂಡ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿದ್ದರು. ಅತ್ತೆ ಮಂಡ್ಯದ ಕಡೆಯ ಹಳ್ಳಿಯಿಂದ ಬಂದು ನಮ್ಮೊಂದಿಗಿದ್ದರು. ನಾನು ವಾರಕ್ಕೆ ಮೂರು ದಿನ ಪಬ್ಲಿಕ್ ಲೈಬ್ರರಿಯಲ್ಲಿ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಕೆಲಸ ಮಾಡುತ್ತಿದ್ದೆ. ಅಲ್ಲಿನ ನೋಟಿಸ್ ಬೋರ್ಡಿನಲ್ಲಿ ಒಂದು ದಿನ ಚೀಟಿ ಕಂಡಿತು: ಫಿಲ್ಮನ್ನು ಕೈಯಲ್ಲಿ ಮುಟ್ಟಿ ಕೆಲಸ ಮಾಡಿ ಗೊತ್ತಿರುವವರು ಬೇಕಾಗಿದ್ದಾರೆ. ಮೂವತ್ತು ವರ್ಷಗಳಿಂದ ಅಂಥದ್ದೊಂದು ಚೀಟಿಗೆ ಕಾದಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಮದುವೆಗೆ ಮುಂಚೆ ಮದರಾಸಿನಲ್ಲಿ ಮೂರು ವರ್ಷ ನಾನು ಎಡಿಟಿಂಗ್ ರೂಮಿನಲ್ಲಿದ್ದೆ. ಕಾನ್ವೆಂಟಿನಲ್ಲಿ ಓದಿದ ಹುಡುಗಿ ಸ್ಟುಡಿಯೋ ಸೇರುವುದೆಂದರೆ ಆ ಕಾಲಕ್ಕೆ ಮನೆಯಲ್ಲಿ ದೊಡ್ಡ ರಾದ್ಧಾಂತ. ಚಿಕ್ಕಪ್ಪ ಅಲ್ಲಿ ಸೌಂಡ್ ವಿಭಾಗದಲ್ಲಿದ್ದರೆಂಬ ಒಂದೇ ಕಾರಣಕ್ಕೆ ಅಪ್ಪ ಒಪ್ಪಿದರು. ನಮ್ಮ ಎಡಿಟರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಎರಡು ತುಂಡು ಫಿಲ್ಮು ಸೇರಿಸಿದ ನನ್ನ ಮೊದಲ ಜಾಯಿಂಟನ್ನು ಬೆಳಕಿಗೆ ಹಿಡಿದು ನೋಡಿ, "ಯಾರಮ್ಮ ನಿನಗೆ ಹೊಲಿಗೆ ಕಲಿಸಿದ್ದು?" ಎಂದು ಕೇಳಿದರು. ನಮ್ಮ ಸ್ಕೂಲಿನ ಸಿಸ್ಟರ್ ಎಂದೆ. ಕಸೂತಿಯನ್ನು ತಿರುವಿ ಹಿಂಬದಿ ನೋಡಿ ಮಾರ್ಕ್ಸ್ ಕೊಡುತ್ತಿದ್ದವರು ಅವರು. ಮಾಸ್ಟರ್ ತಲೆಯಾಡಿಸಿ ಕತ್ತರಿಯನ್ನು ನನ್ನ ಕಡೆ ಸರಿಸಿದರು. ಅವರು ಟೈಫಾಯಿಡ್ ಬಂದು ಮಲಗಿದ ತಿಂಗಳು ಒಂದು ಇಡೀ ಹಾಡನ್ನು ನಾನೇ ಕತ್ತರಿಸಿ ಜೋಡಿಸಿದೆ. ಎದ್ದು ಬಂದು ನೋಡಿದವರು ಒಂದು ಫ್ರೇಮನ್ನೂ ಮುಟ್ಟಲಿಲ್ಲ. ಮುಂದಿನ ವರ್ಷ ನನ್ನ ಮದುವೆಯಾಯಿತು, ವಿಮಾನ ಹತ್ತಿದೆ. ಇಲ್ಲಿಗೆ ಬಂದ ಹೊಸತರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದೆರಡು ಕಡೆ ಕೆಲಸ ಕೇಳಿದೆ. ಒಬ್ಬ ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, ಟೈಪಿಂಗ್ ಬರುತ್ತದೆಯೇ ಎಂದ. ಬರುತ್ತದೆ ಎಂದೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದವಳು ನಲವತ್ತರ ಒಬ್ಬ ಅಮೆರಿಕನ್ ಹೆಂಗಸು. ಚೌಕಳಿ ಶರ್ಟು, ಕತ್ತಿನಲ್ಲಿ ಭೂತಗನ್ನಡಿ. ನನಗೆ ಎರಡು ತುಂಡು ಕೊಟ್ಟು ಸೇರಿಸಿ ಎಂದಳು. ಕೈ ಮರೆತಿರಲಿಲ್ಲ. ಅವಳು ಜಾಯಿಂಟನ್ನು ಉಗುರಿನಿಂದ ಸವರಿ ನೋಡಿ, "ಮಂಗಳವಾರ, ಗುರುವಾರ ಬರ್ತೀರಾ?" ಎಂದು ಕೇಳಿದಳು. ನಿಯಮ ಒಂದೇ ಎಂದಳು. ಇಲ್ಲಿ ನಾವು ರಿಪೇರಿ ಮಾಡುತ್ತೇವೆ, ಎಡಿಟ್ ಮಾಡುವುದಿಲ್ಲ. ಕೆಟ್ಟುಹೋದ ಒಂದು ಫ್ರೇಮು ತೆಗೆಯಬೇಕಾದರೂ ನನ್ನನ್ನು ಕೇಳಿ.

ಆಮೇಲೆ ಗೋಡೆಯ ಮೇಲಿನ ಫೋಟೋ ತೋರಿಸಿದಳು.

ಫೋಟೋದಲ್ಲಿ ಒಬ್ಬ ತೆಳ್ಳನೆಯ ಹೆಂಗಸು ಎತ್ತರದ ಸ್ಟೂಲಿನ ಮೇಲೆ ಕೂತಿದ್ದಾಳೆ. ಸೊಂಟದ ರಿಬ್ಬನ್ನಿಗೆ ಕತ್ತರಿ ಕಟ್ಟಿಕೊಂಡಿದ್ದಾಳೆ. ಕೊರಳಿನ ಸುತ್ತ ಹೂವಿನ ಹಾರದಂತೆ ಫಿಲ್ಮು. ಕೆಲಸದ ನಡುವೆ ಯಾರೋ ಕರೆದರೆಂದು ತಲೆಯೆತ್ತಿದ ಮುಖ, ಬೇಗ ಮುಗಿಸಿ ಎನ್ನುವ ಹಾಗೆ. ಹದಿನಾರನೆಯ ವಯಸ್ಸಿಗೆ ಫಿಲ್ಮಿನ ತುಂಡುಗಳಿಗೆ ಅಂಟು ಹಚ್ಚುವ ಹುಡುಗಿಯಾಗಿ ಸೇರಿದವಳಂತೆ. ಆ ಕಾಲದಲ್ಲಿ ಅದು ಹೊಲಿಗೆಯಂಥ ಕೆಲಸ, ಹೆಂಗಸರ ಬೆರಳಿಗೆ ಸರಿ ಎಂದು ಸಾಲಾಗಿ ಹುಡುಗಿಯರನ್ನು ಕೂರಿಸುತ್ತಿದ್ದರಂತೆ. ಒಬ್ಬ ಡೈರೆಕ್ಟರ್ ತನ್ನ ಚಿತ್ರ ಗೋಜಲಾಗಿದೆ ಎಂದು ತಲೆ ಮೇಲೆ ಕೈಹೊತ್ತು ಕೂತಾಗ ಇವಳು ಊಟದ ಹೊತ್ತಿನಲ್ಲಿ ಎರಡು ದೃಶ್ಯಗಳನ್ನು ಹಿಂದುಮುಂದು ಮಾಡಿ ತೋರಿಸಿದಳಂತೆ. ಮೂವತ್ತಕ್ಕೆ ಅವಳಿಗೆ ಅವಳದೇ ಕೋಣೆ, ಬಾಗಿಲಿಗೆ ಅವಳ ಹೆಸರು. ಡೈರೆಕ್ಟರುಗಳು ಆ ಬಾಗಿಲು ತಟ್ಟಿ ಒಳಗೆ ಬರಬೇಕಿತ್ತು. ಮದುವೆಯಾದಳು, ಬಿಟ್ಟಳು, ಕತ್ತರಿ ಬಿಡಲಿಲ್ಲ. ಎಪ್ಪತ್ತರ ತನಕ ಕೆಲಸ ಮಾಡಿದಳು.

"ನಮ್ಮ ಹುಡುಗಿ ಗ್ರೇಟ್ ಅಲ್ಲವಾ?" ಎಂದಳು ಮೇಲ್ವಿಚಾರಕಿ, ಪಕ್ಕದ ಮನೆಯ ಮಗಳ ಬಗ್ಗೆ ಹೇಳುವವಳಂತೆ.

"ವಂಡರ್‌ಫುಲ್," ಎಂದೆ. ಕಾನ್ವೆಂಟಿನವರು ಅಷ್ಟು ಮ್ಯಾನರ್ಸ್ ಕಲಿಸಿದ್ದರು. ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಿತ್ತು.

ಆ ದಿನದಿಂದ ನನಗೆ ಒಂದೇ ವಿಷಯ ಬೇಕಾಗಿತ್ತು. ಅವಳ ಕೆಲಸದ ಬೆಂಚು ನನಗೆ ಸಿಕ್ಕಿದ್ದರೆ ನಾನೂ ಅವಳಾಗುತ್ತಿದ್ದೆ ಎಂದು ನನಗೆ ನಾನೇ ರುಜುವಾತು ಮಾಡಿಕೊಳ್ಳಬೇಕಿತ್ತು. ಅವಳಿಗೂ ನನಗೂ ಇದ್ದ ಅಂತರ ಬರೀ ಅದೃಷ್ಟದ್ದು ಎಂದು ಗೊತ್ತಾದರೆ ಸಾಕು, ನೆಮ್ಮದಿಯಾಗಿ ಸಾಯುತ್ತೇನೆ ಅನ್ನಿಸುತ್ತಿತ್ತು. ಅದಕ್ಕೆ ಅವಳ ತಪ್ಪು ಹುಡುಕತೊಡಗಿದೆ. ರಿಪೇರಿಗೆಂದು ಬಂದ ಅವಳ ಒಂದೊಂದು ರೀಲನ್ನೂ ಕೈಯಲ್ಲಿ ನಿಧಾನವಾಗಿ ಸುತ್ತುತ್ತಾ, ಸೊಸೆಯ ಅಡುಗೆಯಲ್ಲಿ ಕೂದಲು ಹುಡುಕುವ ಅತ್ತೆಯಂತೆ ನೋಡುತ್ತಿದ್ದೆ. ನನ್ನ ಅತ್ತೆ ಹಾಗೆ ಮಾಡಿದವರಲ್ಲ, ಅದು ಬೇರೆ ಮಾತು. ಒಂದು ಶಾಟಿನಲ್ಲಿ ಎಡಗೈಯಲ್ಲಿದ್ದ ಟೋಪಿ ಮುಂದಿನ ಶಾಟಿನಲ್ಲಿ ಬಲಗೈಗೆ ಬಂದಿದ್ದರೆ ಖುಷಿ. ಹಾಗೆ ಒಮ್ಮೆ ಮಾತ್ರ ಸಿಕ್ಕಿತು. ಇಡೀ ದಿನ ಹಾಡು ಗುನುಗಿಕೊಂಡು ಮನೆಗೆ ಬಂದೆ.

"ಏನು, ಇವತ್ತು ಭಾರಿ ಕುಷಿಯಾಗಿದ್ದೀಯ?" ಎಂದರು ಅತ್ತೆ.

"ಅವಳ ಒಂದು ತಪ್ಪು ಸಿಕ್ಕಿತು ಅತ್ತೆ."

"ಯಾರ್ದು?"

"ಆ ಫೋಟೋದವಳದು. ಹೇಳಿದ್ನಲ್ಲ."

"ಸತ್ತೋದೋಳ್ದಾ?" ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅವಳೇನ್ ಮಾಡಿದ್ಲವ್ವ ನಿಂಗೆ? ಬದುಕಿರೋರ್ ಮೇಲೆ ಉರ್ಕೊಂಡ್ರೆ ಅವ್ರಿಗೂ ಒಸಿ ತಾಗ್ತದೆ. ಇದ್ರಲ್ಲಿ ಬೇಯೋಳು ನೀನೊಬ್ಳೆ."

ಗಂಡ ಪೇಪರಿನ ಹಿಂದಿನಿಂದ ನಕ್ಕರು.

ಮಾರ್ಚಿನಲ್ಲಿ ಮೇಲ್ವಿಚಾರಕಿ ಒಂದು ಡಬ್ಬಿ ತಂದು ನನ್ನ ಮುಂದಿಟ್ಟಳು. ಫೋಟೋದವಳು ಹೆಸರು ಮಾಡಿದ ಮೇಲಿನ ಚಿತ್ರವಲ್ಲ, ಶುರುವಿನದು. ಒಂದು ಬಡ ಸಂಸಾರದ ಕತೆ. ಹತ್ತಿ ಗಿರಣಿಯ ಕೆಲಸಕ್ಕೆ ದೊಡ್ಡ ಮಗಳು ಊರು ಬಿಟ್ಟು ಹೋಗುತ್ತಾಳೆ, ತಾಯಿ ಕಾಯುತ್ತಾಳೆ. ಅಷ್ಟೇ. "ಜನರಿಗೆ ತೋರಿಸಲು ಹಿಂದೆ ಯಾರೋ ಮಾಡಿಸಿದ ಕಾಪಿ ಇದು. ಒರಿಜಿನಲ್ ಎಲ್ಲೋ ಪುಡಿಯಾಗಿ ಹೋಯಿತು. ನಮಗಿರುವುದು ಇದೊಂದೇ. ಏಪ್ರಿಲ್‌ನಲ್ಲಿ ಒಂದು ಭಾನುವಾರ ಕಮ್ಯುನಿಟಿ ಹಾಲಿನಲ್ಲಿ ಪಿಯಾನೋ ಜೊತೆ ಹಾಕ್ತೀವಿ. ನೀವೇ ಸರಿ ಮಾಡಿ," ಎಂದಳು.

ಹರಿದ ಅಂಚುಗಳನ್ನು ಮೂರು ವಾರದಲ್ಲಿ ಸರಿ ಮಾಡಿದೆ. ನಾಲ್ಕನೆಯ ವಾರ ಆ ಜಾಗಕ್ಕೆ ಬಂದೆ. ಮಗಳಿಂದ ತಾಯಿಗೆ ಕಾಗದ ಬರುತ್ತದೆ. ಪರದೆಯ ಮೇಲೆ ಬರಹದ ಕಾರ್ಡು: ಅಮ್ಮ, ನನ್ನ ಕೋಣೆಯನ್ನು ತಂಗಿಗೆ ಕೊಟ್ಟುಬಿಡು. ಕಾರ್ಡು ಹೋದ ಮೇಲೆ ತಾಯಿ ಒಲೆಯ ಮುಂದೆ ನಮಗೆ ಬೆನ್ನು ಹಾಕಿ ನಿಂತಿದ್ದಾಳೆ, ಕೈಯಲ್ಲಿ ಕೆಟಲ್. ನಿಂತೇ ಇದ್ದಾಳೆ. ಏನೂ ಆಗುವುದಿಲ್ಲ. ನಾನು ಎಣಿಸಿದೆ, ನಾಲ್ಕು ಸೆಕೆಂಡು. ಆಮೇಲೆ ತಿರುಗುತ್ತಾಳೆ, ಕಣ್ಣಲ್ಲಿ ನೀರು.

ಕೊನೆಗೂ ಫೋಟೋದವಳು ಸಿಕ್ಕಿಬಿದ್ದಳು. ಬೆನ್ನು ತೋರಿಸಿಕೊಂಡು ಪಾತ್ರ ಸುಮ್ಮನೆ ನಿಂತಿದ್ದರೆ ಜನ ಬೀಡಿ ಸೇದಲು ಎದ್ದು ಹೋಗುತ್ತಾರೆ ಎಂದು ಮಾಸ್ಟರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಕಾರ್ಡಿನಿಂದ ನೇರ ಆ ಮುಖಕ್ಕೆ ಬಂದರೆ ಎಷ್ಟು ಚುರುಕು. ಇಷ್ಟು ಸಣ್ಣ ವಿಷಯ ಇವಳಿಗೆ ಹೊಳೆದಿಲ್ಲ, ಇವಳ ಬಾಗಿಲನ್ನು ಡೈರೆಕ್ಟರುಗಳು ತಟ್ಟುತ್ತಿದ್ದರಂತೆ.

ಮೇಲ್ವಿಚಾರಕಿ ಊಟಕ್ಕೆ ಹೋಗಿದ್ದಳು. ಮೇಲೆ ಸ್ಕೂಟರು ಗಡಗಡ ಎನ್ನುತ್ತಿತ್ತು. ನಾನು ಎರಡು ಕಡೆ ಬ್ಲೇಡು ಇಳಿಸಿದೆ, ನಡುವಿನ ತುಂಡು ತೆಗೆದೆ, ತುದಿಗಳನ್ನು ಕೂಡಿಸಿ ಒತ್ತಿದೆ. ನನ್ನ ಜೀವನದ ಅತ್ಯಂತ ಒಳ್ಳೆಯ ಜಾಯಿಂಟುಗಳಲ್ಲಿ ಅದೂ ಒಂದು. ಹಳೆಯ ಜಾಯಿಂಟಿನಂತೆ ಕಾಣಲೆಂದು ಅಂಚನ್ನು ಒಂಚೂರು ಮಬ್ಬು ಕೂಡ ಮಾಡಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ತುಂಡನ್ನು ಕಸದ ಬುಟ್ಟಿಗೆ ಹಾಕಲು ಮಾತ್ರ ಕೈ ಬರಲಿಲ್ಲ. ಚಿತ್ರ ಬಿಡುಗಡೆಯಾಗುವ ತನಕ ಒಂದು ತುಂಡನ್ನೂ ಎಸೆಯಬಾರದೆನ್ನುವುದು ಮದರಾಸಿನ ಅಭ್ಯಾಸ. ಮಲ್ಲಿಗೆ ಅಳೆಯುವಂತೆ ಮೊಣಕೈಗೆ ಹಿಡಿದು ನೋಡಿದೆ: ಒಂದೂಕಾಲು ಮೊಳ. ಸುರುಳಿ ಸುತ್ತಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡೆ.

ಮೇಲ್ವಿಚಾರಕಿ ಬಂದು ರೀಲನ್ನು ಬೆಳಕಿನ ಮೇಲೆ ಓಡಿಸಿ ನೋಡಿದಳು. ಆ ಜಾಗದಲ್ಲಿ ಬೆರಳು ನಿಂತಿತು. "ಇಲ್ಲಿ ಹಳೆಯ ಕಾಲದಲ್ಲಿ ಯಾವಾಗಲೋ ಹರಿದಿರಬೇಕು," ಎಂದಳು.

"ಇರಬೇಕು," ಎಂದೆ.

ಭಾನುವಾರ ಮಧ್ಯಾಹ್ನ ಕಮ್ಯುನಿಟಿ ಹಾಲು ಜನರಿಂದ ತುಂಬಿತ್ತು. ಪ್ರವೇಶ ಉಚಿತವಾದ್ದರಿಂದ ಸುತ್ತಲಿನ ಬೀದಿಗಳವರೆಲ್ಲ ಬಂದಿದ್ದರು. ಚೀನೀ ಅಜ್ಜಿಯರ ಒಂದು ಸಾಲು, ಮೊಮ್ಮಕ್ಕಳನ್ನು ಕರೆತಂದ ಮೆಕ್ಸಿಕೋದ ಹೆಂಗಸರು, ಒಂದಿಷ್ಟು ಕಾಲೇಜು ಹುಡುಗಿಯರು. ಗಂಡ ನಮ್ಮನ್ನು ಇಳಿಸಿ ಕಾರು ನಿಲ್ಲಿಸಲು ಹೋದವರು, ಪಾರ್ಕಿಂಗು ಸಿಗದೆ ಅರ್ಧ ಚಿತ್ರವಾದ ಮೇಲೆ ಬಂದರು. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರಿಗೆ ಓದು ಬರಹವಿರಲಿಲ್ಲ. ಇಂಗ್ಲಿಷಂತೂ ದೂರದ ಮಾತು. ಕಾರ್ಡು ಬಂದಾಗಲೆಲ್ಲ ಕಿವಿಯಲ್ಲಿ ಹೇಳುತ್ತೇನೆ ಎಂದು ಒಪ್ಪಿಸಿ ಕರೆತಂದಿದ್ದೆ. ನಿಜ ಹೇಳಬೇಕೆಂದರೆ ಅವರು ಕತೆ ನೋಡಲಿ ಎಂದಲ್ಲ. ನನ್ನ ಕೈ ಓಡಿದ ಆ ಒಂದು ಕ್ಷಣದಲ್ಲಿ ನನ್ನವರು ಯಾರಾದರೂ ಪಕ್ಕದಲ್ಲಿರಬೇಕಿತ್ತು.

ದೀಪ ಆರಿತು, ಪಿಯಾನೋ ಶುರುವಾಯಿತು.

ಮೊದಲ ಕಾರ್ಡು ಬಂತು. "ಮಗಳು ಗಿರಣಿಗೆ ಹೋಗ್ತೀನಿ ಅಂತಿದ್ದಾಳೆ," ಎಂದೆ ಅತ್ತೆಯ ಕಿವಿಯಲ್ಲಿ.

"ಅವ್ಳ ಮಕ ನೋಡಿದ್ರೆ ಗೊತ್ತಾಯ್ತದೆ ಬುಡು," ಎಂದರು ಅತ್ತೆ.

ಎರಡನೆಯದು, ಮೂರನೆಯದು. ಐದಾರು ಕಾರ್ಡುಗಳಾದ ಮೇಲೆ ನನ್ನ ಕಿವಿಗೆ ಏನೋ ಬಿತ್ತು. ಪ್ರತಿ ಕಾರ್ಡು ಬಂದು ಹೋದ ಕೂಡಲೇ ಹಾಲಿನಲ್ಲಿ ಒಂದು ಗುಜುಗುಜು ಏಳುತ್ತಿತ್ತು. ಚೀನೀ ಅಜ್ಜಿಯರ ಸಾಲಿನಲ್ಲಿ ಒಬ್ಬಾಕೆ ಉಳಿದವರಿಗೆ ಹೇಳುತ್ತಿದ್ದಳು. ಮುಂದಿನ ಸಾಲಿನ ಪುಟ್ಟ ಹುಡುಗಿ ಅಜ್ಜಿಗೆ ಸ್ಪ್ಯಾನಿಷಿನಲ್ಲಿ ಓದುತ್ತಿದ್ದಳು. ನಾನು ಕನ್ನಡದಲ್ಲಿ. ನಾವು ಹೇಳುತ್ತಿರುವಾಗ ಪರದೆಯ ಮೇಲೆ ಯಾರೋ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು, ಇಲ್ಲವೇ ಕಿಟಕಿಯಾಚೆ ನೋಡುತ್ತಿದ್ದರು, ಇಲ್ಲವೇ ಬೆನ್ನು ಹಾಕಿ ನಿಂತಿರುತ್ತಿದ್ದರು. ಗುಜುಗುಜು ಅಡಗುತ್ತಿತ್ತು. ಅಡಗಿದ ಮೇಲೆ, ಸರಿಯಾಗಿ ಆಮೇಲೆಯೇ, ಮುಖ ನಮ್ಮ ಕಡೆ ತಿರುಗುತ್ತಿತ್ತು. ಪ್ರತಿ ಸಲವೂ. ಒಂದು ಸಲವೂ ತಪ್ಪದೆ.

ಆ ಕಾಲದಲ್ಲಿ ಅವಳ ಚಿತ್ರ ನೋಡಲು ಯಾರು ಬರುತ್ತಿದ್ದರೆಂದು ನಾನು ಯೋಚಿಸಿಯೇ ಇರಲಿಲ್ಲ. ಹಡಗಿನಿಂದ ಇಳಿದವರು, ಗಿರಣಿಯವರು, ಇಂಗ್ಲಿಷ್ ಓದಲು ಬಾರದವರು. ಪಕ್ಕದಲ್ಲಿ ಓದಲು ಬರುವ ಒಂದು ಮಗು. ಅವಳು ಆ ಮಗುವಿಗೆ ಓದಿ ಹೇಳಲು ಟೈಮ್ ಬಿಟ್ಟಿದ್ದಳು. ನಮ್ಮ ಮಾಸ್ಟರದು ಟಾಕಿ ಕಾಲದ ಕತ್ತರಿ, ನನ್ನದೂ ಅದೇ. ಮಾತು ಕಿವಿಗೇ ಬೀಳುವ ಚಿತ್ರದಲ್ಲಿ ಯಾರೂ ಯಾರಿಗೂ ಓದಿ ಹೇಳಬೇಕಾಗಿಲ್ಲ.

ಇನ್ನು ನಾಲ್ಕು ನಿಮಿಷಕ್ಕೆ ನಾನು ಕತ್ತರಿಸಿದ ಜಾಗ ಬರುವುದಿತ್ತು. ಆ ನಾಲ್ಕು ನಿಮಿಷ ಸೀಟಿನ ಹಿಡಿಯನ್ನು ಹಿಡಿದು ಕೂತೆ. ಪ್ರೊಜೆಕ್ಟರು ಕೆಟ್ಟುಹೋಗಲಿ ಎಂದು ಮೇರಿ ಮಾತೆಯಲ್ಲೂ ಚಾಮುಂಡಿಯಲ್ಲೂ ಒಟ್ಟಿಗೆ ಬೇಡಿಕೊಂಡೆ.

ಕಾಗದ ಬಂತು. ಕಾರ್ಡು ಬಂತು.

"ಏನಂತೆ?" ಎಂದರು ಅತ್ತೆ.

"ಅಮ್ಮ, ನನ್ನ ಕೋಣೇನ..." ಎನ್ನುವಷ್ಟರಲ್ಲಿ ತಾಯಿಯ ಅಳುವ ಮುಖ ಪರದೆ ತುಂಬ ಬಂದುಬಿಟ್ಟಿತು.

"ಅಯ್, ಅವ್ಳಾಗ್ಲೇ ಅಳ್ತಾ ಕೂತವ್ಳಲ್ಲ, ನೀನಿನ್ನೂ ಓದ್ತಾನೇ ಇದ್ದೀಯ," ಎಂದರು ಅತ್ತೆ. "ಯಾಕಂತೆ? ಯಾರಾರ ಸತ್ರಾ?"

ಹಾಲಿನಲ್ಲಿ ಗುಜುಗುಜು ಅಡಗಲಿಲ್ಲ. ಅಳುವಿನ ಮೇಲೆಯೇ ಮುಂದುವರಿಯಿತು. ಮುಂದಿನ ಸಾಲಿನ ಅಜ್ಜಿ ಹುಡುಗಿಯ ತೋಳು ಹಿಡಿದು ಎರಡೆರಡು ಸಲ ಏನೋ ಕೇಳಿದಳು. ಪಿಯಾನೋದವನು ಕೂಡ ಒಂದು ಕ್ಷಣ ತಡವರಿಸಿದ. ಇಡೀ ಚಿತ್ರದಲ್ಲಿ ಜನ ಕೈತಪ್ಪಿ ಹೋದ ಜಾಗ ಅದೊಂದೇ. ಅಷ್ಟರಲ್ಲಿ ದೃಶ್ಯ ಮುಗಿದು ತಂಗಿ ಹಾಸಿಗೆ ಹೊತ್ತು ಅಕ್ಕನ ಕೋಣೆಗೆ ಹೋಗುತ್ತಿದ್ದಳು.

"ಓ, ದೊಡ್ಡೋಳು ಬರಾಕಿಲ್ಲ," ಎಂದರು ಅತ್ತೆ ತಡವಾಗಿ. "ಮದ್ಲೇ ಹೇಳಿದ್ರೆ ನಾನೂ ಒಂದೀಟು ಅಳ್ತಿದ್ದೆ."

ಬರುವಾಗ ಫ್ರೀವೇ ಮೇಲೆ ಗಂಡ, "ಚಿತ್ರ ಚೆನ್ನಾಗಿತ್ತು ಕಣೇ. ಆದ್ರೆ ಒಂದು ಕಡೆ ಜಂಪ್ ಆಯ್ತು," ಎಂದರು. ತಡವಾಗಿ ಬಂದವರ ಕಣ್ಣಿಗೂ ಬಿದ್ದಿದ್ದು ಅದೇ.

ನಾನು ಸುಮ್ಮನಿದ್ದರೂ ಆಗುತ್ತಿತ್ತು. ಹಳೆಯ ಹರುಕು ಎಂದು ಮೇಲ್ವಿಚಾರಕಿ ಆಗಲೇ ಒಪ್ಪಿಬಿಟ್ಟಿದ್ದಳು. ಆದರೆ ಇದ್ದದ್ದು ಅದೊಂದೇ ಕಾಪಿ. ಮುಂದೆ ನೋಡುವವರೆಲ್ಲ ಆ ಜಾಗಕ್ಕೆ ಬಂದಾಗ, ಇಲ್ಲಿ ಇವಳ ಕೈ ತಪ್ಪಿದೆ ಎಂದುಕೊಳ್ಳುತ್ತಿದ್ದರು. ಇಷ್ಟು ದಿನ ನಾನು ಬಯಸಿದ್ದು ಅದನ್ನೇ ಅಲ್ಲವೇ. ಕೈಗೆ ಬಂದಾಗ ಅದನ್ನು ಹಿಡಿದುಕೊಳ್ಳಲು ಆಗಲಿಲ್ಲ. ತಪ್ಪು ಅವಳದಾಗಿದ್ದರೆ ಸಂತೋಷಪಡುತ್ತಿದ್ದೆ. ನನ್ನ ತಪ್ಪನ್ನು ಅವಳು ಹೊತ್ತುಕೊಂಡು ಕೂತಿರುವುದು ಸಹಿಸಲಾಗಲಿಲ್ಲ. ಅದರಲ್ಲೂ ಒಂದು ಜಂಬವಿತ್ತೇನೋ, ಫ್ರಾಂಕ್ಲಿ ನನಗೆ ಗೊತ್ತಿಲ್ಲ.

ಮಂಗಳವಾರ ಹೋಗಿ ಕನ್ನಡಕದ ಡಬ್ಬಿಯನ್ನು ಮೇಲ್ವಿಚಾರಕಿಯ ಮೇಜಿನ ಮೇಲೆ ತೆರೆದಿಟ್ಟೆ. ಸುರುಳಿ ನೋಡಿದಳು. ತುದಿ ಹಿಡಿದು ಬೆಳಕಿಗೆ ಎತ್ತಿದಳು. ಒಲೆ, ಕೆಟಲ್, ಬೆನ್ನು.

"ಹರಿದಿರಲಿಲ್ಲ," ಎಂದಳು.

"ಇಲ್ಲ. ನಾನೇ ಕತ್ತರಿಸಿದೆ."

"ಯಾಕೆ?"

"ಅವಳಿಗಿಂತ ಚೆನ್ನಾಗಿ ಕತ್ತರಿಸಬಲ್ಲೆ ಅನ್ನಿಸಿತ್ತು."

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಅದಕ್ಕಿಂತ ಕೆಟ್ಟದ್ದು. "ಕತ್ತರಿಸಬಲ್ಲಿರಾ?"

ಮೂವತ್ತು ವರ್ಷದಿಂದ ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾದಿದ್ದೆ. ಉತ್ತರ ಬಾಯಿಪಾಠವಾಗಿತ್ತು. ಮದರಾಸು, ಟೈಫಾಯಿಡ್, ಹಾಡು, ಮಾಸ್ಟರ್ ಒಂದು ಫ್ರೇಮನ್ನೂ ಮುಟ್ಟದಿದ್ದದ್ದು.

"ಇಲ್ಲ," ಎಂದೆ.

ಇನ್ನು ಮೇಲೆ ಬೆಂಚಿನಲ್ಲಿ ಕೂರಬೇಡಿ ಎಂದಳು. ದನಿ ಏರಿಸಲಿಲ್ಲ. ನಾನು ಗ್ಲೌಸು ಬಿಚ್ಚಿ ಮಡಿಸಿ ಕೊಟ್ಟೆ. ಅವಳೇ ತೊಟ್ಟುಕೊಂಡು ಕೂತು, ನನ್ನ ಜಾಯಿಂಟನ್ನು ಬಿಡಿಸಿ, ತುಂಡನ್ನು ಅದರ ಜಾಗಕ್ಕೆ ಹಿಡಿದಳು. ಅವಳ ಕೈ ಅಷ್ಟು ಚೆನ್ನಾಗಿರಲಿಲ್ಲ. ನಾನು ಮಾತಾಡಬಾರದೆಂದು ಹಲ್ಲು ಕಚ್ಚಿ ನಿಂತಿದ್ದೆ. ತುಂಡು ಮಗುಚಿತ್ತು.

"ತಿರುವಿ," ಎಂದೆ ತಡೆಯಲಾಗದೆ. "ಕೆಟಲ್ ಬಲಗೈಯಲ್ಲಿರಬೇಕು."

ತಿರುವಿದಳು. ಬ್ಲೇಡು ಒಂದು ಕೂದಲೆಳೆ ಅತ್ತ ಹೋಯಿತು, ಟೇಪು ಸೊಟ್ಟಗೆ ಕೂತಿತು. ನಾನಾಗಿದ್ದರೆ ಕಣ್ಣು ಮುಚ್ಚಿ ಸರಿಯಾಗಿ ಕೂರಿಸುತ್ತಿದ್ದೆ. ಹೇಳಲಿಲ್ಲ. ಅವಳು ರೀಲನ್ನು ಹಿಂದಕ್ಕೆ ಸುತ್ತಿ ಪುಟ್ಟ ಪರದೆಯ ಮೇಲೆ ಓಡಿಸಿದಳು, ಸ್ವಲ್ಪ ಪಕ್ಕಕ್ಕೆ ಸರಿದು ನನಗೂ ಜಾಗ ಬಿಟ್ಟಳು.

ಕಾರ್ಡು ಬಂದು ಹೋಯಿತು. ತಾಯಿ ಬೆನ್ನು ಹಾಕಿ ನಿಂತಳು. ಅಂದು ಎಣಿಸುವ ಭರದಲ್ಲಿ ನಾನು ಆ ಬೆನ್ನನ್ನು ನೋಡಿಯೇ ಇರಲಿಲ್ಲ. ಭುಜ ಸ್ವಲ್ಪ ಇಳಿಯುತ್ತದೆ. ಕೆಟಲನ್ನು ಒಲೆಯ ಮೇಲಿಡಲು ಹೋದ ಕೈ ಅರ್ಧದಲ್ಲಿ ನಿಲ್ಲುತ್ತದೆ. ನಾನು ಮನಸ್ಸಿನಲ್ಲೇ ಅತ್ತೆಯ ಕಿವಿಯಲ್ಲಿ ಇಡೀ ವಾಕ್ಯ ಹೇಳಿ ಮುಗಿಸಿದೆ. ಆಗ ತಿರುಗಿದಳು.

ಮೇಲ್ವಿಚಾರಕಿ ಗೋಡೆಯ ಫೋಟೋ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಹೊಟ್ಟೆಯಲ್ಲಿ ಅದೇ ಹಸಿಮೆಣಸಿನಕಾಯಿ, ಮೊದಲಿಗಿಂತ ಖಾರ. ಅಲ್ಲಿಯ ತನಕ ಫೋಟೋದವಳ ಅದೃಷ್ಟದ ಮೇಲೆ ಉರಿದಿದ್ದೆ. ಅದು ನನಗೂ ಸಿಗಬಹುದಿತ್ತು. ಆ ನಾಲ್ಕು ಸೆಕೆಂಡು ನನಗೆ ಯಾವ ಬೆಂಚಿನಲ್ಲಿ ಕೂತಿದ್ದರೂ ಸಿಗುತ್ತಿರಲಿಲ್ಲ.

"ಗುರುವಾರ ಬಂದರೆ ಡಬ್ಬಿಗಳಿಗೆ ಲೇಬಲ್ ಬರೆಯುವ ಕೆಲಸ ಇದೆ," ಎಂದಳು ಅವಳು, ರೀಲು ಬಿಚ್ಚುತ್ತಾ. "ನಿಮ್ಮ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ."

ಗುರುವಾರ ಹೋದೆ. ಮೇಲಿನ ಕಂಪನಿ ಮುಚ್ಚಿಹೋಗಿ, ಸ್ಕೂಟರುಗಳ ಸದ್ದು ನಿಂತು, ಕಟ್ಟಡವೇ ಬೇರೆಯವರ ಕೈಗೆ ಹೋಗುವ ತನಕ ಪ್ರತಿ ಗುರುವಾರ ಹೋದೆ. ಫೋಟೋದವಳ ಒಂದೊಂದು ಡಬ್ಬಿಯ ಮೇಲೂ ಅವಳ ಹೆಸರನ್ನು, ಹಲ್ಲು ಕಚ್ಚಿಕೊಂಡು, ನನ್ನ ಕೈಲಾದಷ್ಟು ಅಂದವಾಗಿ ಬರೆದೆ.